ಫ್ಲೋರೆಸ್ ಥರದ ಒಪೆರಾ ಟೆನರ್‌ಗಳ ಕೆರಿಯರ್ ಹೇಗೆ ನಡೆಯುತ್ತೆ? ಗೊತ್ತಿರುವವರು ಸ್ವಲ್ಪ ಹೇಳಿ

ಜಯನಗರದ ಕೇಳುಗ:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಒಪೆರಾ ನನಗೆ ಹೊಸದು. ಮನೆಯಲ್ಲಿ ಕರ್ನಾಟಕ ಸಂಗೀತ, ರಾಮನವಮಿ ಬಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳು, ನನ್ನ ಸಂಗೀತ ಅಷ್ಟಕ್ಕೇ ಮುಗಿಯುತ್ತಿತ್ತು. ಇತ್ತೀಚೆಗೆ ಯೂಟ್ಯೂಬ್ ತಾನಾಗೇ ಒಂದು ವಿಡಿಯೊ ತಂದು ಮುಂದಿಟ್ಟಿತು. ಹುವಾನ್ ದಿಯೇಗೊ ಫ್ಲೋರೆಸ್ ಅಂತ, ಪೆರು ದೇಶದ ಟೆನರ್, ಅಂದರೆ ಗಂಡು ದನಿಯಲ್ಲಿ ಎತ್ತರದ ಸ್ವರ ಹಾಡುವವನು. ಹಳ್ಳಿ ಹುಡುಗನ ವೇಷ, ಮೊಣಕಾಲುದ್ದದ ಚಡ್ಡಿ, ಸುತ್ತ ಸಿಪಾಯಿಗಳು. ಒಂದೇ ಹಾಡಿನಲ್ಲಿ ಒಂಬತ್ತು ಸಲ ಮೇಲಿನ ಅದೇ ಸ್ವರಕ್ಕೆ ಹೋಗಿ ಬರುತ್ತಾನೆ, ಮುಖದಲ್ಲಿ ಸ್ವಲ್ಪವೂ ಕಷ್ಟ ಕಾಣುವುದಿಲ್ಲ. ಜನ ಎದ್ದು ನಿಂತು ಕೂಗುತ್ತಾರೆ.

ಅವತ್ತಿಂದ ಈತನ ವಿಡಿಯೊ ನೋಡುತ್ತಾ ಕೂತಿದ್ದೇನೆ, ಮನೆಯವರಿಗೆ ಸಾಕಾಗಿದೆ. ನನ್ನ ಪ್ರಶ್ನೆ ಹಾಡಿನ ಬಗ್ಗೆ ಅಲ್ಲ, ಬದುಕಿನ ಬಗ್ಗೆ. ಇಂಥವರು ಮೇಲೆ ಬರುವುದು ಹೇಗೆ? ಯಾರು ಕರೆಯುತ್ತಾರೆ, ಎಷ್ಟು ಮುಂಚೆ ಕರೆಯುತ್ತಾರೆ, ದುಡ್ಡು ಹೇಗೆ, ಗಂಟಲು ಕೆಟ್ಟರೆ ಗತಿ ಏನು? ಇನ್ನೊಂದು, ಈತ ವರ್ಷಾನುಗಟ್ಟಲೆ ರೊಸ್ಸಿನಿ, ಡೊನಿಜೆಟ್ಟಿ, ಬೆಲ್ಲಿನಿ ಎಂಬ ಇಟಲಿಯ ಹಳೇ ಸಂಯೋಜಕರ ಒಪೆರಾಗಳನ್ನೇ ಹಾಡಿಕೊಂಡಿದ್ದು, ಈಗ ಬೇರೆ ಕಡೆ ಹೊರಳಿದ್ದಾನಂತೆ. ವಿಡಿಯೊಗಳ ಕೆಳಗೆ ಅದಕ್ಕೇ ದೊಡ್ಡ ಜಗಳ. ಬೇರೆ ಏನೋ ಹಾಡಿದರೆ ತಪ್ಪೇನು ಅಂತ ನನಗೆ ಅರ್ಥವಾಗಲಿಲ್ಲ.

ವಿಯೆನ್ನಾ ವಾಸಿ:

ಸರ್, ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಕನ್ನಡದಲ್ಲಿ ಈ ಮಾತು ಆಡುವವರು ಸಿಗುವುದೇ ಕಷ್ಟ.

ಫ್ಲೋರೆಸ್ ಹುಟ್ಟಿದ್ದು 1973ರಲ್ಲಿ, ಲಿಮಾದಲ್ಲಿ. ತಂದೆ ಪೆರುವಿನ ಕ್ರಿಯೊಲ್ಯ ಹಾಡುಗಳ ಗಾಯಕ, ಗಿಟಾರ್ ನುಡಿಸುತ್ತಿದ್ದವರು. ತಾಯಿ ಹಾಡುಗಾರಿಕೆ ಇರುವ ಒಂದು ಪಬ್ ನೋಡಿಕೊಳ್ಳುತ್ತಿದ್ದರು. ಅವತ್ತಿನ ಗಾಯಕ ಹುಷಾರಿಲ್ಲ ಅಂತ ಕೈಕೊಟ್ಟರೆ ಮಗನನ್ನೇ ನಿಲ್ಲಿಸುತ್ತಿದ್ದರು. ಅಂದರೆ ಶುರುವಿನಲ್ಲಿ ಪಾಪ್ ಹಾಡು, ಊರಿನ ಹಾಡು ಹೇಳಿಕೊಂಡಿದ್ದ ಹುಡುಗ. 17ನೇ ವಯಸ್ಸಿನಲ್ಲಿ ಲಿಮಾದ ರಾಷ್ಟ್ರೀಯ ಸಂಗೀತ ಶಾಲೆ ಸೇರಿದ ಮೇಲೆ ಅವರ ಧ್ವನಿ ಯಾವ ಜಾತಿಯದು ಅಂತ ಗೊತ್ತಾಗಿದ್ದು. ರಾಷ್ಟ್ರೀಯ ಗಾಯನ ತಂಡದಲ್ಲಿ ಹಾಡಿದರು. 1993ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಗೆ ಹೋದರು. ಮರುವರ್ಷ ಎರ್ನೆಸ್ತೊ ಪಲಾಸಿಯೊ ಸಿಕ್ಕರು. ಅವರೂ ಪೆರುವಿನವರೇ, ಅವರೂ ರೊಸ್ಸಿನಿ ಹಾಡುವ ಟೆನರ್. ಗುರು, ಮ್ಯಾನೇಜರ್, ಎಲ್ಲಾ ಅವರೇ. ನನ್ನ ಪ್ರಕಾರ ಇವರ ಕೆರಿಯರ್‌ನಲ್ಲಿ ಅತಿ ದೊಡ್ಡ ಅದೃಷ್ಟ ಅಂದರೆ ಇದು. ತಾನು ನಡೆದ ದಾರಿಯನ್ನೇ ತೋರಿಸುವ ಗುರು ಎಷ್ಟು ಜನಕ್ಕೆ ಸಿಗುತ್ತಾರೆ?

1996ರ ಆಗಸ್ಟ್. ಇಟಲಿಯ ಪೆಸಾರೊ, ರೊಸ್ಸಿನಿ ಹುಟ್ಟಿದ ಊರು, ಅಲ್ಲಿ ಪ್ರತಿ ಬೇಸಿಗೆಗೆ ರೊಸ್ಸಿನಿ ಉತ್ಸವ. ಫ್ಲೋರೆಸ್‌ಗೆ ಬೇರೊಂದು ಒಪೆರಾದಲ್ಲಿ ಸಣ್ಣ ಪಾತ್ರ ಇತ್ತು ಅಷ್ಟೇ. ‘ಮತಿಲ್ದೆ ದಿ ಶಾಬ್ರಾನ್’ ಅನ್ನುವ ಒಪೆರಾದ ಮುಖ್ಯ ಟೆನರ್ ಬ್ರೂಸ್ ಫೋರ್ಡ್ ಕಾಯಿಲೆ ಬಿದ್ದರು. ಅಪರೂಪದ ಒಪೆರಾ, ಆ ಪಾತ್ರ ಬಾಯಿಗೆ ಬರುವವರು ಯಾರೂ ಇಲ್ಲ. 23ರ ಈ ಹುಡುಗ ಗಡಿಬಿಡಿಯಲ್ಲಿ ಕಲಿತು ನಿಂತ. ಅದೇ ವರ್ಷ ಡಿಸೆಂಬರ್ 7ಕ್ಕೆ ಮಿಲಾನಿನ ಹೆಸರಾಂತ ಒಪೆರಾ ಮನೆ ಲಾ ಸ್ಕಾಲಾದಲ್ಲಿ ಸೀಸನ್ ಉದ್ಘಾಟನೆ, ರಿಕ್ಕಾರ್ಡೊ ಮುತಿ ಅವರ ವಾದ್ಯವೃಂದ ನಿರ್ದೇಶನದಲ್ಲಿ. ಆಗಸ್ಟ್‌ನಲ್ಲಿ ಹೆಸರೇ ಗೊತ್ತಿಲ್ಲದವನು ಡಿಸೆಂಬರ್‌ನಲ್ಲಿ ಸ್ಕಾಲಾದಲ್ಲಿ! 1997ರಲ್ಲಿ ಲಂಡನ್, 1999ರಲ್ಲಿ ನಮ್ಮ ವಿಯೆನ್ನಾ, 2002ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಅಂದರೆ ಮೆಟ್. ನಡುವೆ 2001ರಲ್ಲಿ ಡೆಕ್ಕಾ ಕಂಪನಿಯ ಜೊತೆ ರೆಕಾರ್ಡಿಂಗ್ ಒಪ್ಪಂದ.

ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಇಲ್ಲಿನ ಸ್ಟೇಟ್ ಒಪೆರಾದ ಕ್ಯೂ. ನಿಂತು ನೋಡುವ ಟಿಕೆಟ್ ಅಗ್ಗ, ವಿದ್ಯಾರ್ಥಿಯಾಗಿ ಬಂದಾಗಿಂದ ನನಗೆ ಅದೇ ಗತಿ. ಒಳಗೆ ಹೋಗಿ ಜಾಗ ಹಿಡಿದ ಮೇಲೆ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿಬಿಟ್ಟರೆ ಆ ಜಾಗ ನಿಮ್ಮದು, ಕಾಫಿ ಕುಡಿದು ಬರಬಹುದು, ಯಾರೂ ಮುಟ್ಟುವುದಿಲ್ಲ. ನಾನು ಹಳೇ ಇಳಕಲ್ ದುಪಟ್ಟಾ ಕಟ್ಟುತ್ತೇನೆ, ಸುಲಭವಾಗಿ ಗುರುತು ಸಿಗುತ್ತದೆ. ಆ ಕ್ಯೂನಲ್ಲಿ ನಿಂತಿರುವ ಅಜ್ಜ ಅಜ್ಜಿಯರ ಹತ್ತಿರ ಯಾರ ಗಂಟಲು ಹೇಗಿದೆ ಅಂತ ಡಾಕ್ಟರಿಗಿಂತ ಜಾಸ್ತಿ ಮಾಹಿತಿ ಇರುತ್ತದೆ. ಅವರು ಯಾವಾಗಲೂ ಹೇಳುವುದು ಒಂದೇ: ಟೆನರ್ ಏನು ಹಾಡಿದ ಅಂತ ನೋಡಬೇಡ, ಏನು ಹಾಡಲಿಲ್ಲ ಅಂತ ನೋಡು.

ಫ್ಲೋರೆಸ್ ವಿಷಯದಲ್ಲಿ ಇದು ನಿಜ. 2008ರಲ್ಲಿ ಡ್ರೆಸ್ಡೆನ್‌ನಲ್ಲಿ ವೆರ್ದಿಯ ‘ರಿಗೊಲೆತ್ತೊ’ ಹಾಡಿದರು, ಡ್ಯೂಕ್ ಪಾತ್ರ. ಟೆನರ್ ಅಂದಮೇಲೆ ಎಲ್ಲರೂ ಆಸೆಪಡುವ ಪಾತ್ರ ಅದು. ಹಾಡಿದ ಮೇಲೆ ಇದು ಸದ್ಯಕ್ಕೆ ನನಗಲ್ಲ ಅಂತ ಪಕ್ಕಕ್ಕಿಟ್ಟರು. ಹೆಸರಿನ ತುತ್ತತುದಿಯಲ್ಲಿದ್ದಾಗ ಹಾಗೆ ಬಿಡುವುದಕ್ಕೆ ಧೈರ್ಯ ಬೇಕು.

ಹಾರ್ಮೋನಿಯಂ ಮೇಷ್ಟ್ರು, ಧಾರವಾಡ:

ಮೇಡಂ ಚೆನ್ನಾಗಿ ಬರೆದಿದ್ದೀರಿ. ಕೇಳುಗರು ಕರ್ನಾಟಕ ಸಂಗೀತದವರು ಅಂದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ಹಾಡುವವರು ತಮ್ಮ ಗಂಟಲಿಗೆ ತಕ್ಕ ಶ್ರುತಿ ಇಟ್ಟುಕೊಳ್ಳುತ್ತಾರೆ. ವಯಸ್ಸಾದರೆ ಅರ್ಧ ಮನೆ, ಒಂದು ಮನೆ ಇಳಿಸುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಒಪೆರಾದಲ್ಲಿ ಸಾಮಾನ್ಯವಾಗಿ ಆ ಸ್ವಾತಂತ್ರ್ಯ ಇಲ್ಲ. ಬರೆದದ್ದು ಯಾವ ಸ್ವರದಲ್ಲಿದೆಯೋ ಅದೇ. ನೀವು ಕೇಳಿದ ಆ ಒಂಬತ್ತು ಸ್ವರ ‘ಹೈ ಸಿ’, ಸೆಕೆಂಡಿಗೆ ಸುಮಾರು 523 ಕಂಪನ. ನೆಗಡಿ ಆಗಲಿ, ವಯಸ್ಸು ಐವತ್ತಾಗಲಿ, ಅದು ಅಲ್ಲೇ ಇರುತ್ತದೆ, ನೀವೇ ಹತ್ತಬೇಕು.

ಅದೂ ಮೈಕ್ ಇಲ್ಲದೆ. ಎರಡು ಸಾವಿರಕ್ಕೂ ಜಾಸ್ತಿ ಜನ ಕೂತ ಹಾಲ್, ಮುಂದೆ ಗುಂಡಿಯಲ್ಲಿ ಇಡೀ ಆರ್ಕೆಸ್ಟ್ರಾ. ಗಂಟಲು ಹರಿದುಕೊಂಡು ಕೂಗಿದರೂ ಆರ್ಕೆಸ್ಟ್ರಾ ಮುಂದೆ ಗೆಲ್ಲಲು ಆಗುವುದಿಲ್ಲ. ಆರ್ಕೆಸ್ಟ್ರಾದ ಬಲವೆಲ್ಲ ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆಯಾಗುತ್ತದೆ. ತರಬೇತಾದ ಟೆನರ್ ಗಂಟಲನ್ನು ಹೊಂದಿಸಿಕೊಳ್ಳುವ ರೀತಿಯಿಂದ 3000 ಹರ್ಟ್ಸ್ ಹತ್ತಿರ ಒಂದು ಹೊಳಪು ಹುಟ್ಟುತ್ತದೆ. ಅಲ್ಲಿ ಆರ್ಕೆಸ್ಟ್ರಾ ಮೆತ್ತಗಿರುತ್ತದೆ. ಹಾಗಾಗಿ ಸಣ್ಣ ಧ್ವನಿಯೂ ಹಿಂದಿನ ಸಾಲಿಗೆ ತಲುಪುತ್ತದೆ. ಫ್ಲೋರೆಸ್ ಧ್ವನಿ ದೊಡ್ಡದಲ್ಲ, ಆದರೆ ಆ ಹೊಳಪು ಬಹಳ.

ಇನ್ನು ಆ ಜನ ಹುಚ್ಚೆದ್ದ ಕಥೆ. ಹಾಡು ಡೊನಿಜೆಟ್ಟಿಯ ‘ರೆಜಿಮೆಂಟಿನ ಮಗಳು’ ಒಪೆರಾದ್ದು, 1840ರದ್ದು. 2007ರ ಫೆಬ್ರವರಿ 20ರಂದು ಲಾ ಸ್ಕಾಲಾದಲ್ಲಿ ಫ್ಲೋರೆಸ್ ಇದನ್ನು ಹಾಡಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ, ಮತ್ತೆ ಹಾಡಿಬಿಟ್ಟ. ಅಲ್ಲಿ ಒಬ್ಬ ಗಾಯಕ ಹಾಡಿದ್ದನ್ನೇ ಮತ್ತೆ ಹಾಡುವ ಪದ್ಧತಿ 1933ರ ನಂತರ ಇರಲೇ ಇಲ್ಲ. ಮರುವರ್ಷ ಮೆಟ್‌ನಲ್ಲೂ ಅದೇ ಹಾಡು, ಅದೇ ಗಲಾಟೆ, ಮತ್ತೆ ಒಂಬತ್ತು. ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಅಂತ ಕೂಗಿ ಒಂದೇ ರಂಗಗೀತೆಯನ್ನು ಎರಡು ಮೂರು ಸಲ ಹಾಡಿಸುತ್ತಿದ್ದರಲ್ಲ, ಸತ್ತು ಬಿದ್ದ ಪಾತ್ರ ಎದ್ದು ಬಂದು ಹಾಡಿದ ಕಥೆಗಳೂ ಇವೆ, ಅದೇ ಇದು. ನಮಗೆ ದಿನನಿತ್ಯದ್ದು, ಅವರಿಗೆ ಪತ್ರಿಕೆಯಲ್ಲಿ ಬರುವ ಸುದ್ದಿ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಈ ಹೈ ಸಿಯನ್ನು ಎದೆ ತುಂಬಿದ ದನಿಯಲ್ಲಿ ಹಾಡುವುದೂ ಮೊದಲಿಂದ ಇದ್ದದ್ದಲ್ಲ. ಆಗಿನ ಟೆನರ್‌ಗಳು ಮೇಲಿನ ಸ್ವರವನ್ನು ತೆಳುವಾಗಿ, ಹಗುರಾಗಿ ಮುಟ್ಟಿ ಬರುತ್ತಿದ್ದರು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಡ್ಯುಪ್ರೆ ಅನ್ನುವವನು ರೊಸ್ಸಿನಿಯ ‘ವಿಲಿಯಂ ಟೆಲ್’ನಲ್ಲಿ ಎದೆಯಿಂದ ಹಾಡಿ ಜನರನ್ನು ಮರುಳು ಮಾಡಿದ. ರೊಸ್ಸಿನಿಗೆ ಮಾತ್ರ ಅದು ಕತ್ತು ಕೊಯ್ಯಿಸಿಕೊಳ್ಳುವ ಹುಂಜದ ಕೂಗಿನಂತೆ ಕೇಳಿಸಿತಂತೆ. ಈಗ ನೋಡಿ, ಅದು ಇಲ್ಲದಿದ್ದರೆ ಟಿಕೆಟ್ ದುಡ್ಡು ವಾಪಸ್ ಕೊಡಿ ಅನ್ನುತ್ತಾರೆ.

ಪವರೊಟ್ಟಿ ಅಭಿಮಾನಿ:

ಇದೆಲ್ಲಾ ಸರಿ, ಆದರೆ ಈ ಒಂಬತ್ತು ಹೈ ಸಿ 1972ರಲ್ಲೇ ಮೆಟ್‌ನಲ್ಲಿ ಇಟಲಿಯ ಟೆನರ್ ಪವರೊಟ್ಟಿ ಹಾಡಿ ಮುಗಿಸಿದ್ದಾರೆ. ಆ ಧ್ವನಿ ಎಲ್ಲಿ, ಇದೆಲ್ಲಿ. ಬೇಕರಿಯವರ ಮಗ, ಮೇಷ್ಟ್ರಾಗಿದ್ದವರು, ಇನ್ಶೂರೆನ್ಸ್ ಮಾರುತ್ತಿದ್ದವರು. 1961ರಲ್ಲಿ ರೆಜ್ಜೊ ಎಮಿಲಿಯಾದಲ್ಲಿ ‘ಲಾ ಬೊಹೇಮ್’ನಿಂದ ಶುರು. 1963ರಲ್ಲಿ ಲಂಡನ್ನಿನಲ್ಲಿ ಜುಸೆಪ್ಪೆ ದಿ ಸ್ತೆಫಾನೊ ಬರದೇ ಹೋದಾಗ ಇವರು ನಿಂತರು, ಅಲ್ಲಿಂದ ಹೆಸರಾಯಿತು. ಆಮೇಲೆ ಗಾಯಕಿ ಜೋನ್ ಸದರ್ಲೆಂಡ್ ಜೊತೆ ಆಸ್ಟ್ರೇಲಿಯಾ ಪ್ರವಾಸ, ಉಸಿರಾಟ ಕಲಿತದ್ದು ಆಕೆಯಿಂದಲೇ. 1990ರ ವಿಶ್ವಕಪ್ ಫುಟ್‌ಬಾಲ್ ನಂತರ ಅವರ ಹೆಸರು ಗೊತ್ತಿಲ್ಲದ ಮನೆ ಇರಲಿಲ್ಲ.

ವಿಯೆನ್ನಾ ವಾಸಿ:

ಹೋಲಿಕೆ ಬೇಡ ಸರ್, ಇಬ್ಬರ ಧ್ವನಿಯೂ ಬೇರೆ. ಆದರೆ ಒಂದು ಗಮನಿಸಿದಿರಾ? ಇಬ್ಬರಿಗೂ ಬಾಗಿಲು ತೆಗೆದದ್ದು ಇನ್ನೊಬ್ಬರ ಗೈರುಹಾಜರಿ. ಪವರೊಟ್ಟಿಗೂ ಕಪ್ಪು ದಿನಗಳು ಇದ್ದವು. ಕೊನೆಕೊನೆಗೆ ಕಾರ್ಯಕ್ರಮ ರದ್ದು ಮಾಡುವುದು ಎಷ್ಟು ಜಾಸ್ತಿಯಾಯಿತು ಅಂದರೆ 1989ರಲ್ಲಿ ಶಿಕಾಗೊದ ಲಿರಿಕ್ ಒಪೆರಾ ಇನ್ನು ನಿಮ್ಮನ್ನು ಕರೆಯುವುದಿಲ್ಲ ಅಂತ ಹೇಳಿಯೇ ಬಿಟ್ಟಿತು. 41 ಕಾರ್ಯಕ್ರಮದಲ್ಲಿ 26 ರದ್ದು!

ಸ್ಟುಟ್‌ಗಾರ್ಟ್ ಕೋರಸ್:

ದುಡ್ಡಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ. ಹಗಲು ಇಲ್ಲಿ ಐಟಿ ಕೆಲಸ, ಸಂಜೆ ಹವ್ಯಾಸಕ್ಕೆ ಗುಂಪಿನಲ್ಲಿ ಬಾಸ್, ಅಂದರೆ ಅತಿ ಕೆಳಗಿನ ಗಂಡು ದನಿ, ಹಾಡುತ್ತೇನೆ, ಒಪೆರಾದಲ್ಲಿ ದುಡಿಯುವ ಗೆಳೆಯರಿದ್ದಾರೆ.

ಎರಡು ದಾರಿ ಇವೆ. ಜರ್ಮನಿಯಲ್ಲಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಒಪೆರಾ ಮನೆಗಳು ಊರೂರಿಗೆ ಇವೆ, ಎಂಬತ್ತರ ಆಸುಪಾಸು. ಅಲ್ಲಿ ಖಾಯಂ ತಂಡಕ್ಕೆ ಸೇರಿದರೆ ತಿಂಗಳ ಸಂಬಳ, ಇನ್ಶೂರೆನ್ಸ್, ರಜೆ. ಆದರೆ ಕೊಟ್ಟ ಪಾತ್ರ ಹಾಡಬೇಕು. ಇವತ್ತು ಮೊಜಾರ್ಟ್, ನಾಳಿದ್ದು ಮಕ್ಕಳ ಒಪೆರಾ, ಭಾನುವಾರ ಆಪರೆಟ್ಟಾ ಅನ್ನುವ ಹಗುರ ಒಪೆರಾ. ಜರ್ಮನಿಯ ಟೆನರ್ ಯೋನಾಸ್ ಕೌಫ್‌ಮನ್ ಶುರು ಮಾಡಿದ್ದು ಹೀಗೇ, 1994ರಲ್ಲಿ ಝಾರ್‌ಬ್ರ್ಯುಕೆನ್‌ನಲ್ಲಿ. ಗಂಟಲು ಹೋಗುವ ಹಂತಕ್ಕೆ ಬಂದಿತ್ತು. ಮೈಕಲ್ ರೋಡ್ಸ್ ಅನ್ನುವ ಗುರು ಸಿಕ್ಕಿ, ಟೆನರ್ ಅಂದರೆ ತೆಳ್ಳಗೆ ಹಾಡಬೇಕು ಅನ್ನುವ ಅಭ್ಯಾಸ ಬಿಡಿಸಿ, ಒಳಗಿದ್ದ ಕಪ್ಪು ದನಿಯನ್ನು ಹೊರಗೆ ತೆಗೆಸಿದರು. ಮೆಟ್‌ಗೆ ಬಂದದ್ದು 2006ರಲ್ಲಿ, ಅಷ್ಟೊತ್ತಿಗೆ ವಯಸ್ಸು 36. ಫ್ಲೋರೆಸ್ 23ಕ್ಕೆ ಸ್ಕಾಲಾ, ಈತ 36ಕ್ಕೆ ಮೆಟ್. ವಯಸ್ಸಿನ ಲೆಕ್ಕ ಇಟ್ಟುಕೊಂಡು ಕೂತವರಿಗೆ ಇದು ಸಮಾಧಾನ.

ಇನ್ನೊಂದು ದಾರಿ ಫ್ರೀಲಾನ್ಸ್. ದೊಡ್ಡ ಹೆಸರುಗಳೆಲ್ಲ ಇದೇ. ದುಡ್ಡು ಶೋ ಲೆಕ್ಕದಲ್ಲಿ. ಮೆಟ್‌ನಲ್ಲಿ ಅತಿ ದೊಡ್ಡ ತಾರೆಗಳಿಗೂ ಒಂದು ರಾತ್ರಿಗೆ ಸುಮಾರು 17,000 ಡಾಲರ್ ಮಿತಿ ಅಂತ ಬಹಳ ವರ್ಷ ಪತ್ರಿಕೆಗಳಲ್ಲಿ ಬರುತ್ತಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಕಳೆಯಿರಿ. ವಾರಗಟ್ಟಲೆ ರಿಹರ್ಸಲ್, ಹೆಚ್ಚಿನ ಕಡೆ ಅದಕ್ಕೆ ಬೇರೆ ದುಡ್ಡಿಲ್ಲ. ಬಾಡಿಗೆ ಮನೆ ನಿಮ್ಮ ಖರ್ಚು. ಏಜೆಂಟ್‌ಗೆ ಕಮಿಷನ್. ತೆರಿಗೆ. ಕೋಚ್‌ಗೆ ಫೀಸು. ಹಿಂದಿನ ದಿನ ಗಂಟಲು ಕಟ್ಟಿದರೆ ಹಾಡಿಲ್ಲ, ಹಾಡಿಲ್ಲ ಅಂದರೆ ಸೊನ್ನೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಮೆಟ್ ಬಾಗಿಲು ಹಾಕಿದಾಗ, ಕೈಮೀರಿದ ಘಟನೆ ಅನ್ನುವ ಷರತ್ತು ತೋರಿಸಿ ಗಾಯಕರ ದುಡ್ಡು ನಿಲ್ಲಿಸಿದರು. 2021ರ ಸೆಪ್ಟೆಂಬರ್ ತನಕ ಅಲ್ಲಿ ಪೂರ್ಣ ಒಪೆರಾ ಇರಲಿಲ್ಲ. ಇದು ತಾರೆಗಳ ಕಥೆ, ಸಣ್ಣ ಪಾತ್ರದವರನ್ನು ಕೇಳಲೇಬೇಡಿ.

ಎಷ್ಟು ಮುಂಚೆ ಕರೆಯುತ್ತಾರೆ ಅಂದಿರಿ. ಹೆಸರಿರುವವರಿಗೆ ಮೂರು, ನಾಲ್ಕು ವರ್ಷ ಮುಂಚೆ. ಕಷ್ಟ ಇರುವುದೇ ಇಲ್ಲಿ. ನಾಲ್ಕು ವರ್ಷದ ಮೇಲೆ ನನ್ನ ಧ್ವನಿ ಹೇಗಿರುತ್ತದೆ ಅಂತ ಇವತ್ತೇ ಊಹಿಸಿ ಸಹಿ ಹಾಕಬೇಕು. ಧ್ವನಿ ಭಾರವಾಗುತ್ತದೆ ಅಂತ ನಂಬಿ ದೊಡ್ಡ ಪಾತ್ರ ಒಪ್ಪಿಕೊಂಡಿರುತ್ತಾರೆ, ಅದು ಆಗಿರುವುದಿಲ್ಲ. ಆಗ ಹಾಡಿದರೂ ಕಷ್ಟ, ಬಿಟ್ಟರೂ ಕಷ್ಟ.

ಜಯನಗರದ ಕೇಳುಗ:

ಅಬ್ಬಾ, ಇಷ್ಟೆಲ್ಲಾ ಇದೆಯಾ! ಎಲ್ಲರಿಗೂ ಥ್ಯಾಂಕ್ಸ್. ಆದರೆ ಆ ಜಗಳದ ವಿಷಯ ಇನ್ನೂ ಉಳಿಯಿತು. ಈಗ ಫ್ಲೋರೆಸ್ ಹಾಡುತ್ತಿರುವುದು ಸರಿಯೋ ತಪ್ಪೋ?

ಹಾರ್ಮೋನಿಯಂ ಮೇಷ್ಟ್ರು, ಧಾರವಾಡ:

ನೇರವಾಗಿ ಹೇಳುತ್ತೇನೆ, ನನಗೆ ಹಿಡಿಸಲಿಲ್ಲ. 2017ರಲ್ಲಿ ಝ್ಯೂರಿಕ್‌ನಲ್ಲಿ ಮಾಸ್ನೆಯ ‘ವೆರ್ತೆರ್’, 2018ರಲ್ಲಿ ಮೆಟ್‌ನಲ್ಲಿ ‘ಲಾ ತ್ರವಿಯಾತ’, ಆಮೇಲೆ ‘ಲಾ ಬೊಹೇಮ್’. ಇವನ್ನು ಚೆನ್ನಾಗಿ ಹಾಡುವವರು ಇನ್ನೂ ಹತ್ತು ಜನ ಇದ್ದಾರೆ. ರೊಸ್ಸಿನಿಯ ಆ ಮಿಂಚಿನ ಓಟ, ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುವ ತಾನ್, ಅದು ಇವನೊಬ್ಬನ ಹತ್ತಿರ ಇತ್ತು. ಪುಚ್ಚಿನಿ ಒಪೆರಾಗಳಲ್ಲಿ ಆರ್ಕೆಸ್ಟ್ರಾ ದಪ್ಪ, ಗಾಯಕನ ಜೊತೆಯೇ ಅದೇ ಧಾಟಿ ನುಡಿಸುತ್ತದೆ. ಸಣ್ಣ ಧ್ವನಿಯವನು ಒತ್ತಬೇಕಾಗುತ್ತದೆ. ಸ್ಪೇನಿನ ಟೆನರ್ ಅಲ್ಫ್ರೆದೊ ಕ್ರೌಸ್ ನೋಡಿ, 1956ರಲ್ಲಿ ಶುರು ಮಾಡಿ ತನಗೆ ಹೊಂದುವ ಕೆಲವೇ ಪಾತ್ರಗಳನ್ನು ಹಿಡಿದು, ಅರವತ್ತು ದಾಟಿದ ಮೇಲೂ ಹಾಡಿದ. ಭಾರದ್ದು ಮುಟ್ಟಲಿಲ್ಲ.

ವಿಯೆನ್ನಾ ವಾಸಿ:

ಮೇಷ್ಟ್ರೇ, ಕ್ರೌಸ್ ಹಾಡಿದ ಆ ಕೆಲವೇ ಪಾತ್ರಗಳಲ್ಲಿ ವೆರ್ತೆರ್ ಮುಖ್ಯವಾದದ್ದು! ಅದು ಕ್ರೌಸ್‌ಗೆ ಸರಿ, ಫ್ಲೋರೆಸ್‌ಗೆ ತಪ್ಪು ಹೇಗಾಗುತ್ತದೆ? ಆ ಓಟದ ಹಾಡುಗಳಿಗೆ ಬೇಕಾದ ಚುರುಕು ವಯಸ್ಸಿನ ಜೊತೆ ಕಡಿಮೆಯಾಗುವುದು ಸಹಜ. ಮಧ್ಯದ ಸ್ವರಗಳು ತುಂಬಿಕೊಂಡವು, ಅದಕ್ಕೆ ತಕ್ಕ ಪಾತ್ರ ತೆಗೆದುಕೊಂಡರು. ಇಪ್ಪತ್ತು ವರ್ಷ ಕಾದು ಹೋಗಿದ್ದಾರೆ. ‘ವಿಲಿಯಂ ಟೆಲ್’ನ ಭಾರದ ಪಾತ್ರವನ್ನು ಪೆಸಾರೊದಲ್ಲಿ ಹಾಡಿದ್ದೇ 2013ರಲ್ಲಿ, ನಲವತ್ತಾದ ಮೇಲೆ.

ಅವಸರ ಅಂದರೆ ರೊಲಾಂದೊ ವಿಯಾಸೊನ್ ಕಥೆ. ಮೆಕ್ಸಿಕೊದವರು, ಎಂಥಾ ಬೆಂಕಿ ಆ ಹಾಡಿನಲ್ಲಿ! ಮೈಮೇಲೆ ಎಳೆದುಕೊಂಡು ಹಾಡುತ್ತಿದ್ದರು. 2007ರಲ್ಲಿ ತಿಂಗಳುಗಟ್ಟಲೆ ಕಾರ್ಯಕ್ರಮ ಬಿಟ್ಟರು. 2009ರಲ್ಲಿ ಧ್ವನಿ ತಂತುವಿನ ಗಡ್ಡೆಗೆ ಆಪರೇಷನ್. ವಾಪಸ್ ಬಂದರು, ಆದರೆ ಹಳೆಯ ಪಾತ್ರಗಳು ಹೆಚ್ಚಾಗಿ ವಾಪಸ್ ಬರಲಿಲ್ಲ. ಮೊಜಾರ್ಟ್ ಹಾಡಿದರು, ಒಪೆರಾ ನಿರ್ದೇಶನ ಮಾಡಿದರು, ಸಾಲ್ಜ್‌ಬರ್ಗಿನ ಮೊಜಾರ್ಟ್ ಸಪ್ತಾಹ ನಡೆಸುತ್ತಿದ್ದಾರೆ. ಒಳ್ಳೇ ಬದುಕೇ, ಇಲ್ಲ ಅನ್ನುವುದಿಲ್ಲ. ಆದರೂ ಇಲ್ಲಿನ ಕ್ಯೂನಲ್ಲಿ ಅವರ ಹೆಸರು ಬಂದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಸ್ಟುಟ್‌ಗಾರ್ಟ್ ಕೋರಸ್:

ಗಂಟಲು ಸರಿಯಿದ್ದರೂ ತಲೆ ಸರಿ ಇರಬೇಕು. 2006ರ ಡಿಸೆಂಬರ್‌ನಲ್ಲಿ ಲಾ ಸ್ಕಾಲಾದಲ್ಲಿ ‘ಐದಾ’. ರೊಬೆರ್ತೊ ಅಲಾನ್ಯಾ ಮೊದಲ ಹಾಡು ಮುಗಿಸಿದ. ಮೇಲಿನ ಗ್ಯಾಲರಿಯವರು ‘ಬೂ’ ಅಂದರು. ಅಲ್ಲಿನ ಗ್ಯಾಲರಿ ಜನ ಅಂದರೆ ಯಾರಿಗೂ ಹೆದರದವರು. ಅವನು ಒಂದು ಸಲಾಮು ಹೊಡೆದು ಹೊರಟೇ ಹೋದ! ಸಂಗೀತ ನಡೆಯುತ್ತಿದೆ, ರಾಜಕುಮಾರಿ ಪಾತ್ರದ ಗಾಯಕಿ ಅಲ್ಲೇ ನಿಂತಿದ್ದಾಳೆ, ನಾಯಕ ಇಲ್ಲ. ಬದಲಿ ಟೆನರ್ ಅಂತೊನೆಲ್ಲೊ ಪಲೊಂಬಿಯನ್ನು ಹಾಕಿಕೊಂಡಿದ್ದ ಜೀನ್ಸ್ ಪ್ಯಾಂಟಿನಲ್ಲೇ ಸ್ಟೇಜಿಗೆ ತಳ್ಳಿದರು. ಸುತ್ತ ಈಜಿಪ್ಟಿನ ರಾಜವೈಭವ, ನಡುವೆ ಸೇನಾಪತಿ ಮಾತ್ರ ಜೀನ್ಸ್‌ನಲ್ಲಿ. ವಿಡಿಯೊ ಇದೆ, ನೋಡಿ.

ಮೈಸೂರು ರಸ್ತೆ:

ಸ್ವಲ್ಪ ವಿಷಯಾಂತರ, ಕ್ಷಮಿಸಿ. ಕರ್ನಾಟಕಕ್ಕೂ ಈ ಸಂಗೀತಕ್ಕೂ ಏನು ನಂಟು ಅಂತ ಯಾರಾದರೂ ಕೇಳಿದರೆ ನಮ್ಮ ಜಯಚಾಮರಾಜ ಒಡೆಯರ ಹೆಸರು ಹೇಳಿ. ರಿಚರ್ಡ್ ಸ್ಟ್ರಾಸ್ ಬರೆದ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಸಲ ಕೇಳಿದ್ದು 1950ರ ಮೇನಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ನಷ್ಟವಾದರೆ ನಾನು ಕೊಡುತ್ತೇನೆ ಅಂತ ಆ ಕಛೇರಿಗೆ ಮೈಸೂರಿನಿಂದ 4,800 ಡಾಲರ್‌ನ ಭರವಸೆ ಕೊಟ್ಟವರು ಮಹಾರಾಜರು. ಅದು ಸೊಪ್ರಾನೊ, ಅಂದರೆ ಎತ್ತರದ ಹೆಣ್ಣು ದನಿಯ ಹಾಡು, ಟೆನರ್ ಅಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಜಯನಗರದ ಕೇಳುಗ:

ಇದು ನನಗೆ ಗೊತ್ತೇ ಇರಲಿಲ್ಲ! ವಿಷಯಾಂತರ ಆದರೂ ಪರವಾಗಿಲ್ಲ. ಕೊನೆಯದಾಗಿ, ಬಿಡಿ ಹಾಡು ಸಾಕು, ಒಂದು ಪೂರ್ತಿ ಒಪೆರಾ ಕೂತು ನೋಡಬೇಕು ಅಂತಿದ್ದೇನೆ. ಯಾವುದು?

ವಿಯೆನ್ನಾ ವಾಸಿ:

ರೊಸ್ಸಿನಿಯ ‘ಸೆವಿಲ್ಲೆಯ ಕ್ಷೌರಿಕ’, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಗು ಇದೆ, ಕಥೆ ಸುಲಭ. ಮೆಟ್‌ನವರು 2007ರಲ್ಲಿ ಸಿನಿಮಾ ಥಿಯೇಟರುಗಳಿಗೆ ನೇರ ಪ್ರಸಾರ ಮಾಡಿದ್ದು ಸಿಕ್ಕರೆ ಅದನ್ನೇ ನೋಡಿ, ಫ್ಲೋರೆಸ್, ಜಾಯ್ಸ್ ಡಿಡೊನಾಟೊ, ಪೀಟರ್ ಮಾಟೈ ಮೂವರೂ ಇದ್ದಾರೆ. ನೇರ ಪ್ರಸಾರ ಅಂದಾಗ ನೆನಪಾಯಿತು, 2011ರಲ್ಲಿ ಇಂಥದ್ದೇ ಇನ್ನೊಂದು ಪ್ರಸಾರದ ದಿನ ಫ್ಲೋರೆಸ್‌ಗೆ ಮಗ ಹುಟ್ಟಿದ, ಪರದೆ ಏಳುವುದಕ್ಕೆ ಅರ್ಧ ಗಂಟೆ ಚಿಲ್ಲರೆ ಮುಂಚೆ. ನೋಡಿಕೊಂಡು ಓಡಿ ಬಂದು ಹಾಡಿದರು.

ಹಾರ್ಮೋನಿಯಂ ಮೇಷ್ಟ್ರು, ಧಾರವಾಡ:

ಇದಕ್ಕೆ ನನ್ನ ತಕರಾರಿಲ್ಲ. ಬೇರೆ ರೆಕಾರ್ಡಿಂಗ್ ತೆಗೆದುಕೊಂಡರೆ ಒಂದು ಮಾತ್ರ ನೋಡಿಕೊಳ್ಳಿ. ಕೊನೆಯಲ್ಲಿ ಕೌಂಟ್ ಪಾತ್ರಕ್ಕೆ, ಅಂದರೆ ಟೆನರ್‌ಗೆ, ಒಂದು ಉದ್ದನೆಯ ಹಾಡಿದೆ, ‘ಚೆಸ್ಸಾ ದಿ ಪ್ಯೂ ರೆಸಿಸ್ತೆರೆ’. ಕಷ್ಟ ಅಂತ ಬಹಳ ಕಾಲ ಅದನ್ನು ಕತ್ತರಿಸಿಯೇ ಆಡುತ್ತಿದ್ದರು, ಜನ ಮರೆತೇ ಬಿಟ್ಟಿದ್ದರು. ಫ್ಲೋರೆಸ್ ಹೋದ ಕಡೆಯೆಲ್ಲ ಅದನ್ನು ಹಾಡಿ ಮತ್ತೆ ಚಾಲ್ತಿಗೆ ತಂದ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಆ ರೆಕಾರ್ಡಿಂಗ್ ಬಿಡಿ.